ಯೂನಿಯನ್ ಕಟ್ಟೋಕೆ ಸಹಿ ಹಾಕಿಸುತ್ತಿದ್ದೆವು, ಮುಂದಾಳತ್ವ ವಹಿಸಿದವರಿಗೆ ಟ್ರಾನ್ಸ್‌ಫರ್ ಆರ್ಡರ್ ಬಂತು. ಈಗ ಏನು ಮಾಡೋದು?

ಮೋಲ್ಡಿಂಗ್ ಶಾಪ್:
ಶಿವಮೊಗ್ಗದ ಹತ್ತಿರ ಒಂದು ಫೌಂಡ್ರಿಯಲ್ಲಿ ಕೆಲಸ ಮಾಡುತ್ತೇನೆ. ಹೆಸರು ಹೇಳೋದಿಲ್ಲ, ದಯವಿಟ್ಟು ಕೇಳಬೇಡಿ. ಖಾಯಂ ಕೆಲಸಗಾರರು 180 ಜನ. ಫೆಟ್ಲಿಂಗ್ (ಎರಕ ಹೊಯ್ದ ತುಂಡುಗಳನ್ನು ಉಜ್ಜಿ ನಯ ಮಾಡೋ ಕೆಲಸ), ಲೋಡಿಂಗ್ ಪೂರ್ತಿ ಕಾಂಟ್ರ್ಯಾಕ್ಟ್. ಇಷ್ಟು ವರ್ಷ ಯೂನಿಯನ್ ಅನ್ನೋದು ಇರಲಿಲ್ಲ. ಇನ್‌ಕ್ರಿಮೆಂಟ್ ಯಾವಾಗ, ಎಷ್ಟು ಅನ್ನೋದು ಮೇಲಿನವರ ಮನಸ್ಸಿಗೆ ಬಿಟ್ಟಿದ್ದು.

ಈ ಸಲ ದೀಪಾವಳಿ ಮುಂದೆ ಸಂಬಳದ ವಿಷಯ ಕೇಳಿದೆವು. ಆರ್ಡರ್ ಇಲ್ಲ, ಆಗೋದಿಲ್ಲ ಅಂದರು. ಸರಿ, ಯೂನಿಯನ್ ಮಾಡೋಣ ಅಂತ ಸಹಿ ಹಾಕಿಸೋಕೆ ಶುರು ಮಾಡಿದೆವು. ಸುದ್ದಿ ಆಫೀಸಿಗೆ ಮುಟ್ಟಿತು. ಸೂಪರ್‌ವೈಸರ್ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, 'ಮನೆ ಸಾಲ ಇನ್ನೂ ಇದೆ ಅಲ್ವಾ ನಿಂಗೆ? ಯೋಚನೆ ಮಾಡು' ಅನ್ನುತ್ತಿದ್ದಾರೆ. ಆಗೋದೇ ಇಲ್ಲ ಅಂದಿದ್ದ ಇನ್‌ಕ್ರಿಮೆಂಟ್ ಇದ್ದಕ್ಕಿದ್ದಂತೆ ನೋಟಿಸ್ ಬೋರ್ಡಿಗೆ ಬಂತು. ಸಹಿ ಹಾಕಿಸುತ್ತಿದ್ದ ಕೋರ್ ಶಾಪ್‌ನ ಅಣ್ಣನಿಗೆ ಬೇರೆ ರಾಜ್ಯದ ಡಿಪೋಗೆ ಟ್ರಾನ್ಸ್‌ಫರ್ ಆಗಿದೆ. ವಾರದೊಳಗೆ ಹೋಗಿ ಸೇರಬೇಕಂತೆ. ಅವರ ತಾಯಿಗೆ ಡಯಾಲಿಸಿಸ್ ನಡೆಯುತ್ತಿದೆ.

ಎಚ್‌ಆರ್‌ನವರು ಹೇಳೋದು ಒಂದೇ ಮಾತು: 'ಯೂನಿಯನ್ ಯಾಕೆ, ನಾವೇ ಕಮಿಟಿ ಮಾಡಿಕೊಡುತ್ತೇವೆ.' ಇದೆಲ್ಲ ಕಾನೂನು ಪ್ರಕಾರ ಸರಿನಾ? ಗೊತ್ತಿದ್ದವರು ಹೇಳಿ.

ಹಳೇ ಭದ್ರಾವತಿ:
ತಮ್ಮಾ, ಮೊದಲು ಒಂದು ಕೇಳುತ್ತೇನೆ. ಸಹಿ ಎಷ್ಟಾಗಿದೆ? ಅದು ಬಿಳಿ ಹಾಳೆಯ ಮೇಲೋ, ಮೇಲೆ ಏನಾದರೂ ಬರೆದಿದ್ದೀರೋ? ಬರೀ ಸಹಿ ಇರೋ ಹಾಳೆಗೆ ಬೆಲೆ ಇಲ್ಲ. 'ಈ ಸಂಘದ ಸದಸ್ಯನಾಗಲು ಒಪ್ಪಿದ್ದೇನೆ' ಅಂತ ತಲೆಬರಹ ಇರಬೇಕು. ಹೆಸರು, ಟಿಕೆಟ್ ನಂಬರ್, ವಿಭಾಗ, ತಾರೀಖು, ಆಮೇಲೆ ಸಹಿ. ಚಂದಾ ಹತ್ತೇ ರೂಪಾಯಿ ಆದರೂ ರಸೀದಿ ಕೊಡಿ, ಕೌಂಟರ್‌ಫಾಯಿಲ್ ಇಟ್ಟುಕೊಳ್ಳಿ. ನಾಳೆ 'ಇವರು ನಮ್ಮ ಸದಸ್ಯರೇ ಅಲ್ಲ' ಅಂತ ಆಫೀಸಿನವರು ಹೇಳಿದಾಗ ಆ ರಸೀದಿ ಪುಸ್ತಕವೇ ಮಾತಾಡೋದು.

ಇನ್ನೊಂದು. ಆ ನೋಟಿಸ್ ಬೋರ್ಡಿನ ಫೋಟೊ ತೆಗೆದಿದ್ದೀರಾ? ಇಲ್ಲದಿದ್ದರೆ ಇವತ್ತೇ ತೆಗೆಯಿರಿ. ನಾಳೆ ಕಿತ್ತುಹಾಕಿರುತ್ತಾರೆ.

ಮೋಲ್ಡಿಂಗ್ ಶಾಪ್:
ಸಹಿ ಎಪ್ಪತ್ತು ದಾಟಿದೆ ಅಣ್ಣ. ತಲೆಬರಹ ಬರೆದಿದ್ದೇವೆ, ರಸೀದಿ ಇಲ್ಲ. ಫೋಟೊ ತೆಗೆದಿದ್ದೇವೆ.

ಕರಿಕೋಟು:
ವಕೀಲ ನಾನು, ಲೇಬರ್ ಕೇಸು ನಡೆಸುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ, ಅಂದರೆ 2020ರ ಐಆರ್ ಕೋಡ್, ಜಾರಿಯಾಗಿದೆ. 1926ರ ಟ್ರೇಡ್ ಯೂನಿಯನ್ ಕಾಯ್ದೆ, 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆ, 1947ರ ಕೈಗಾರಿಕಾ ವಿವಾದ ಕಾಯ್ದೆ, ಮೂರನ್ನೂ ಅದರೊಳಗೆ ಸೇರಿಸಿದ್ದಾರೆ. ಹಳೆಯ ಪುಸ್ತಕ ಇಟ್ಟುಕೊಂಡು ಸೆಕ್ಷನ್ ನಂಬರ್ ಹೇಳುವವರನ್ನು ನಂಬಬೇಡಿ, ನಂಬರ್ ಎಲ್ಲ ಬದಲಾಗಿದೆ. ಒಳಗಿನ ಹೂರಣ ಬಹಳಷ್ಟು ಹಳೆಯದೇ.

ನೋಂದಣಿ ಕಷ್ಟ ಅಲ್ಲ. ಅರ್ಜಿಗೆ ಕನಿಷ್ಠ ಏಳು ಜನ ಸಹಿ ಹಾಕಬೇಕು. ಜೊತೆಗೆ ಕೆಲಸಗಾರರಲ್ಲಿ ನೂರಕ್ಕೆ 10 ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು. ನಿಮ್ಮ ಲೆಕ್ಕಕ್ಕೆ 18 ಜನ ಸಾಕು. ನೀವು ಅದನ್ನು ಯಾವಾಗಲೋ ದಾಟಿದ್ದೀರಿ.

ನಿಮಗೆ ಆಗುತ್ತಿರೋದಕ್ಕೆ ಕಾನೂನಿನಲ್ಲಿ ಹೆಸರಿದೆ: ಅನುಚಿತ ಕಾರ್ಮಿಕ ಪದ್ಧತಿ. ಕೋಡ್‌ನ ಎರಡನೇ ಅನುಸೂಚಿಯಲ್ಲಿ ಪಟ್ಟಿಯೇ ಇದೆ. ಯೂನಿಯನ್ ಸೇರಿದರೆ ಕೆಲಸ ಹೋಗುತ್ತೆ ಅಂತ ಹೆದರಿಸೋದು. ಸಂಘ ಕಟ್ಟೋ ಹೊತ್ತಿನಲ್ಲಿ ಅದನ್ನು ಮುರಿಯೋಕೆ ಸಂಬಳ ಏರಿಸೋದು. ಆಡಳಿತದವರೇ ದುಡ್ಡು ಕೊಟ್ಟು ಕೈಗೊಂಬೆ ಯೂನಿಯನ್ ಹುಟ್ಟುಹಾಕೋದು. ಆಡಳಿತದ ಅಗತ್ಯ ಅಂತ ನೆಪ ಹೇಳಿ ದುರುದ್ದೇಶದಿಂದ ಟ್ರಾನ್ಸ್‌ಫರ್ ಮಾಡೋದು. ಎಲ್ಲ ಅದರಲ್ಲಿದೆ. ಮೊದಲು ಇದಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ಒಂದು ಸಾವಿರ ದಂಡ ಇತ್ತು. ಈಗ ಮೊದಲ ಸಲದ ತಪ್ಪಿಗೆ ಹತ್ತು ಸಾವಿರದಿಂದ ಎರಡು ಲಕ್ಷದವರೆಗೆ ದಂಡ. ದುಡ್ಡಿನ ಲೆಕ್ಕದಲ್ಲಿ ಜಾಸ್ತಿ ಆಗಿದೆ. ಆದರೆ ಮೊದಲ ಸಲಕ್ಕೆ ಜೈಲಿನ ಹೆದರಿಕೆ ಹೋಯಿತು. ದೊಡ್ಡ ಕಂಪನಿಗೆ ಎರಡು ಲಕ್ಷ ಒಂದು ಖರ್ಚು ಅಷ್ಟೇ ಅನ್ನೋದು ನನ್ನ ಅಭಿಪ್ರಾಯ.

ಟ್ರಾನ್ಸ್‌ಫರ್ ವಿಷಯ ಸೂಕ್ಷ್ಮ. ಆ ಅಣ್ಣನ ಅಪಾಯಿಂಟ್‌ಮೆಂಟ್ ಆರ್ಡರ್‌ನಲ್ಲಿ 'ಕಂಪನಿಯ ಯಾವ ಘಟಕಕ್ಕಾದರೂ ವರ್ಗ ಮಾಡಬಹುದು' ಅಂತ ಸಾಲು ಇದೆಯಾ? ಅದನ್ನು ನೋಡಿ ಹೇಳಿ.

ಮೋಲ್ಡಿಂಗ್ ಶಾಪ್:
ಇದೆ ಸರ್. ಎಲ್ಲರ ಆರ್ಡರ್‌ನಲ್ಲೂ ಇದೆ. ಸೇರುವಾಗ ಯಾರು ಓದುತ್ತಾರೆ.

ಎಚ್‌ಆರ್ ಮನುಷ್ಯ:
ಬೈಗುಳ ಬರುತ್ತೆ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ. ನಾನೂ ಈ ಭಾಗದ ಒಂದು ಸಣ್ಣ ಕಾರ್ಖಾನೆಯಲ್ಲಿ ಎಚ್‌ಆರ್. ಟ್ರಾನ್ಸ್‌ಫರ್ ಎಲ್ಲ ದ್ವೇಷದಿಂದಲೇ ಆಗುತ್ತೆ ಅನ್ನೋದು ಸುಳ್ಳು. ಡಿಪೋದಲ್ಲಿ ಜನ ಬೇಕಿರಬಹುದು.

ಮತ್ತೆ ವಕೀಲರು ಅರ್ಧ ಪಟ್ಟಿ ಮಾತ್ರ ಹೇಳಿದರು. ಅದೇ ಅನುಸೂಚಿಯ ಎರಡನೇ ಭಾಗದಲ್ಲಿ ಕಾರ್ಮಿಕರೂ, ಅವರ ಸಂಘಗಳೂ ಮಾಡಬಾರದ್ದು ಇದೆ. ಘೇರಾವ್ ಹಾಕೋದು. ಮ್ಯಾನೇಜರ್ ಮನೆ ಮುಂದೆ ಧರಣಿ ಕೂರೋದು. ಬೇಕೆಂದೇ ಕೆಲಸ ನಿಧಾನ ಮಾಡೋದು. ಕೆಲಸಕ್ಕೆ ಹೋಗುವವರನ್ನು ಗೇಟಿನಲ್ಲಿ ಅಡ್ಡ ಹಾಕೋದು. ಸೇರದವನಿಗೆ ಬೆದರಿಕೆ ಹಾಕೋದು. ಇದೆಲ್ಲ ಕೂಡ ಅನುಚಿತವೇ.

ಸ್ಟ್ರೈಕ್ ಯೋಚನೆ ಇದ್ದರೆ ಇನ್ನೂ ಹುಷಾರು. ಮೊದಲು ಸ್ಟ್ರೈಕಿಗೆ ಮುಂಚೆ ನೋಟಿಸ್ ಕೊಡೋ ನಿಯಮ ನೀರು, ವಿದ್ಯುತ್‌ನಂಥ ಸಾರ್ವಜನಿಕ ಸೇವೆಗಳಿಗೆ ಮಾತ್ರ ಇತ್ತು. ಈಗ ಎಲ್ಲ ಕಾರ್ಖಾನೆಗೂ ಬೇಕು. ನೋಟಿಸ್ ಕೊಟ್ಟು 14 ದಿನ ಕಳೆಯಬೇಕು, 60 ದಿನದೊಳಗೆ ಸ್ಟ್ರೈಕ್ ಆಗಬೇಕು. ಲೇಬರ್ ಇಲಾಖೆಯ ಅಧಿಕಾರಿ ಮುಂದೆ ಸಂಧಾನ ನಡೆಯುತ್ತಿದ್ದರೆ ಅದು ಮುಗಿದು ಏಳು ದಿನದವರೆಗೆ ಮಾಡುವಂತಿಲ್ಲ. ಅರ್ಧದಷ್ಟು ಅಥವಾ ಅದಕ್ಕಿಂತ ಜಾಸ್ತಿ ಜನ ಒಟ್ಟಿಗೆ ಸಿಎಲ್ (ಸಾಂದರ್ಭಿಕ ರಜೆ) ಹಾಕಿದರೂ ಅದು ಸ್ಟ್ರೈಕ್ ಅಂತಲೇ ಲೆಕ್ಕ. ಕಾನೂನು ಮೀರಿದ ಸ್ಟ್ರೈಕ್ ಮಾಡಿದವನಿಗೆ ಒಂದು ಸಾವಿರದಿಂದ ಹತ್ತು ಸಾವಿರದವರೆಗೆ ದಂಡ, ಇಲ್ಲವೇ ಒಂದು ತಿಂಗಳವರೆಗೆ ಜೈಲು, ಅಥವಾ ಎರಡೂ.

ಹಳೇ ಭದ್ರಾವತಿ:
ಅಂದರೆ ಕೆಲಸಗಾರನಿಗೆ ಜೈಲು ಉಳಿಸಿದ್ದಾರೆ, ಅವನ ಸಂಘ ಮುರಿದವನಿಗೆ ಮೊದಲ ಸಲ ದಂಡ ಮಾತ್ರ. ನೀವೇ ಹೇಳಿದ್ದು, ನಾನಲ್ಲ.

ಎಚ್‌ಆರ್ ಮನುಷ್ಯ:
ಕಾನೂನು ನಾನು ಬರೆದಿಲ್ಲ ಯಜಮಾನ್ರೇ.

ಹೊಲಿಗೆ ಲೈನ್:
ನಾನು ಗಾರ್ಮೆಂಟ್ಸ್‌ನಲ್ಲಿ ಇದ್ದೆ, ಈಗ ಬಿಟ್ಟಿದ್ದೇನೆ. ನಮ್ಮ ಕಷ್ಟ ಬೇರೆ. ಗಂಡಸರು ಶಿಫ್ಟ್ ಮುಗಿದ ಮೇಲೆ ಟೀ ಅಂಗಡಿಯಲ್ಲಿ ನಿಂತು ಮಾತಾಡುತ್ತಾರೆ. ನಮಗೆ ಬಸರಿ ಮರದ ಕೆಳಗೆ ನಿಲ್ಲೋಕೂ ಹೊತ್ತಿಲ್ಲ. ಕಂಪನಿ ಬಸ್ಸು ಹಾರ್ನ್ ಹಾಕುತ್ತಿರುತ್ತೆ. ತಪ್ಪಿಸಿಕೊಂಡರೆ ಊರಿಗೆ ಬೇರೆ ಬಸ್ಸಿಲ್ಲ. ಮನೆಯಲ್ಲಿ ಮಗು ಕಾಯುತ್ತಿರುತ್ತೆ. ಮಾತಾಡೋಕೆ ಸಿಗೋದು ಬಸ್ಸಿನೊಳಗೆ, ಅಲ್ಲಿ ಸೂಪರ್‌ವೈಸರ್ ಕಡೆಯವರು ಒಬ್ಬರು ಕೂತೇ ಇರುತ್ತಾರೆ. ಕೊನೆಗೆ ನಾವು ಸಹಿ ಹಾಕಿಸಿದ್ದು ಸ್ತ್ರೀಶಕ್ತಿ ಸಂಘದ ಸಭೆಗಳಲ್ಲಿ. ಬಸ್ಸು ಹೋಗೋ ಒಂದೊಂದು ಊರಲ್ಲೂ ಒಂದೊಂದು ಸಂಘ ಇರುತ್ತಲ್ಲ. ಅಲ್ಲಿಗೆ ಬರೋದನ್ನು ಯಾರೂ ತಡೆಯೋಕಾಗಲ್ಲ.

2016ರ ಏಪ್ರಿಲ್‌ನಲ್ಲಿ ಬೆಂಗಳೂರಲ್ಲಿ ಪಿಎಫ್ ವಿಷಯಕ್ಕೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗೆ ಇಳಿದಿದ್ದು ನೆನಪಿದೆ ಅಲ್ವಾ? ಮಾಲೀಕರ ಪಾಲಿನ ಪಿಎಫ್ 58 ವರ್ಷದವರೆಗೆ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ನಿಯಮ ತಂದಿತ್ತು. ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ, ಆದರೂ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಎಲ್ಲರೂ ಅದನ್ನು ದೊಡ್ಡ ಗೆಲುವು ಅಂತಾರೆ. ಗೆಲುವೇ, ಇಲ್ಲ ಅನ್ನಲ್ಲ. ಆದರೆ ಮಾರನೇ ದಿನ ನಮ್ಮ ಟಾರ್ಗೆಟ್ ಎಷ್ಟು, ಟಾಯ್ಲೆಟ್‌ಗೆ ಎಷ್ಟು ಸಲ ಹೋಗಬಹುದು ಅಂತ ಕೂತು ಮಾತಾಡೋಕೆ ನಮ್ಮ ಕಡೆ ಯಾರೂ ಇರಲಿಲ್ಲ. ಬೀದಿಗೆ ಇಳಿದರೆ ಸರ್ಕಾರ ಕೇಳಿಸಿಕೊಳ್ಳಬಹುದು. ಕಾರ್ಖಾನೆಯವರು ಕೇಳಿಸಿಕೊಳ್ಳಬೇಕು ಅಂದರೆ ಸಹಿ ಹಾಕಿದ ಒಪ್ಪಂದ ಬೇಕು.

ತಮ್ಮಾ, ಆ ಕಮಿಟಿ ಬಲೆಗೆ ಮಾತ್ರ ಬೀಳಬೇಡಿ. ನಮ್ಮಲ್ಲೂ ಮಾಡಿದರು. ಆಯ್ಕೆ ಆದವರು ಎಲ್ಲ ಅವರ ಕಡೆಯವರೇ. ಸಭೆಯಲ್ಲಿ ಊಟದ ಸಾರಿನಲ್ಲಿ ಉಪ್ಪು ಕಡಿಮೆ ಅನ್ನೋದು ಬಿಟ್ಟು ಬೇರೆ ಮಾತಾಡಿದ್ದೇ ಇಲ್ಲ.

ಕರಿಕೋಟು:
ಅಕ್ಕ ಹೇಳಿದ್ದಕ್ಕೆ ಕಾನೂನಿನ ಬೆಂಬಲ ಇದೆ. ಕಮಿಟಿಗಳು ಎರಡು ಥರ. 20 ಅಥವಾ ಹೆಚ್ಚು ಕೆಲಸಗಾರರಿದ್ದರೆ ಕುಂದುಕೊರತೆ ಸಮಿತಿ ಇರಲೇಬೇಕು. ಗರಿಷ್ಠ 10 ಜನ, ಎರಡೂ ಕಡೆ ಸಮಸಮ. ಅದು ಒಬ್ಬೊಬ್ಬರ ದೂರಿಗೆ. ಇನ್ನೊಂದು ವರ್ಕ್ಸ್ ಕಮಿಟಿ. 100 ಅಥವಾ ಹೆಚ್ಚು ಜನ ಇರೋ ಕಡೆ ಸರ್ಕಾರ ಹೇಳಿದರೆ ಮಾಡಬೇಕು. ಇದು ದಿನನಿತ್ಯದ ಸಣ್ಣಪುಟ್ಟ ವಿಷಯಕ್ಕೆ. ವರ್ಕ್ಸ್ ಕಮಿಟಿ ಯೂನಿಯನ್ ಜಾಗದಲ್ಲಿ ಕೂತು ಚೌಕಾಸಿ ಮಾಡೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1960ರಲ್ಲೇ ನಾರ್ತ್ ಬ್ರೂಕ್ ಸೆಣಬಿನ ಗಿರಣಿ ಕೇಸಿನಲ್ಲಿ ಹೇಳಿದೆ. ಕಮಿಟಿ ಬೇಡ ಅನ್ನಬೇಡಿ. ಅದೂ ಇರಲಿ, ಯೂನಿಯನ್ನೂ ಇರಲಿ ಅನ್ನಿ.

ಈಗ ಟ್ರಾನ್ಸ್‌ಫರ್. ವರ್ಗಾವಣೆ ಸಾಲು ಇದೆ ಅಂದ ಮೇಲೆ ಆದೇಶ ತಂತಾನೇ ತಪ್ಪಾಗಲ್ಲ. ದುರುದ್ದೇಶ ಇದೆ ಅಂತ ನೀವು ತೋರಿಸಬೇಕು. ಸಹಿ ಶುರುವಾದ ತಾರೀಖು, ಇನ್‌ಕ್ರಿಮೆಂಟ್ ನೋಟಿಸಿನ ತಾರೀಖು, ಟ್ರಾನ್ಸ್‌ಫರ್ ತಾರೀಖು, ಇವನ್ನು ಪಕ್ಕಪಕ್ಕ ಇಟ್ಟರೆ ಅರ್ಧ ಕೆಲಸ ಆಯಿತು. ಆದರೆ ಅಲ್ಲಿಯವರೆಗೆ ಆ ಅಣ್ಣ ಸುಮ್ನೆ ಇಲ್ಲೇ ಉಳಿದರೆ ಆದೇಶ ಮೀರಿದ ಅಂತ ಚಾರ್ಜ್‌ಶೀಟ್ ಕೊಡುತ್ತಾರೆ. ಡೊಮೆಸ್ಟಿಕ್ ಎನ್‌ಕ್ವೈರಿ, ಅಂದರೆ ಕಂಪನಿಯೊಳಗಿನ ವಿಚಾರಣೆ ಮಾಡುತ್ತಾರೆ. ಆಮೇಲೆ ಯೂನಿಯನ್ ಮಾತೇ ಇರಲ್ಲ, ಅವಿಧೇಯತೆ ಮಾತ್ರ ಉಳಿಯುತ್ತೆ. ನನ್ನ ಸಲಹೆ: ಪ್ರತಿಭಟನೆ ದಾಖಲಿಸಿ ಪತ್ರ ಕೊಟ್ಟು ಹೋಗಿ ಸೇರಲಿ. ಇಲ್ಲಿಂದ ನಾವು ಹೋರಾಡೋಣ.

ಹಳೇ ಭದ್ರಾವತಿ:
ವಕೀಲರೇ, ಕಾಗದದ ಮೇಲೆ ನೀವು ಹೇಳಿದ್ದು ಸರಿ. ಶಾಪ್ ಫ್ಲೋರ್‌ನಲ್ಲಿ ಅದು ನಡೆಯಲ್ಲ. ಅವನು ಬಸ್ ಹತ್ತಿದ ದಿನವೇ ಉಳಿದವರ ಎದೆ ಒಡೆಯುತ್ತೆ. 'ನೋಡಿ, ಏನಾಯ್ತು ಅವನಿಗೆ' ಅಂತ ಸೂಪರ್‌ವೈಸರ್ ಬಾಯಿ ಬಿಟ್ಟು ಹೇಳೋದೂ ಬೇಡ. ಎಪ್ಪತ್ತು ಸಹಿ ಮೂವತ್ತಕ್ಕೆ ಇಳಿಯುತ್ತೆ. ಇಂಥ ಆರ್ಡರ್ ಕೊಡೋದು ಡಿಪೋಗೆ ಜನ ಬೇಕು ಅಂತಲ್ಲ, ಇಲ್ಲಿ ಜನ ಬೇಡ ಅಂತ.

ಕರಿಕೋಟು:
ಒಪ್ಪಿದೆ. ಹಾಗಾದರೆ ನಡುವಿನ ದಾರಿ. ರಜೆ ಬಾಕಿ ಇದ್ದರೆ ತಾಯಿಯ ಚಿಕಿತ್ಸೆಯ ದಾಖಲೆ ಲಗತ್ತಿಸಿ ರಜೆ ಅರ್ಜಿ ಕೊಡಲಿ, ಸೇರೋಕೆ ಸಮಯ ಕೇಳಲಿ. ಮೀರಿದ್ದಲ್ಲ, ಕೇಳಿದ್ದು ಅಂತ ದಾಖಲೆ ಇರಬೇಕು. ಆ ಸಮಯದಲ್ಲಿ ನೀವು ಲೇಬರ್ ಆಫೀಸಿಗೆ ಹೋಗಬೇಕು.

ಇಲ್ಲೊಂದು ಮುಖ್ಯ ವಿಷಯ, ಬಹಳ ಜನ ಎಡವೋದು ಇಲ್ಲೇ. ಕೆಲಸದಿಂದ ತೆಗೆದರೆ ಒಬ್ಬನೇ ಹೋಗಿ ವಿವಾದ ಎಬ್ಬಿಸಬಹುದು, ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ. ಟ್ರಾನ್ಸ್‌ಫರ್‌ಗೆ ಅದು ಸಿಗಲ್ಲ. ಅದು ಕೈಗಾರಿಕಾ ವಿವಾದ ಆಗಬೇಕು ಅಂದರೆ ಯೂನಿಯನ್ ಅಥವಾ ಸಾಕಷ್ಟು ಸಂಖ್ಯೆಯ ಸಹೋದ್ಯೋಗಿಗಳು ಅವನ ಪರವಾಗಿ ನಿಲ್ಲಬೇಕು. ನೋಂದಣಿ ಇನ್ನೂ ಆಗಿಲ್ಲ ಅಂತ ಕಾಯಬೇಡಿ. ಆ ಎಪ್ಪತ್ತು ಜನ 'ಈ ವರ್ಗಾವಣೆ ರದ್ದು ಮಾಡಿಸಿ' ಅಂತ ಬೇರೆ ಮನವಿಗೆ ಸಹಿ ಹಾಕಲಿ. ಸಂಘದ ಸಹಿ ಹಾಳೆಯನ್ನೇ ಇದಕ್ಕೆ ಬಳಸಬೇಡಿ. ಅದು ಬೇರೆ ಕಡತ.

ಸಂಧಾನ ಶುರುವಾದರೆ ಲಾಭ ಇದೆ. ಅದು ನಡೆಯುತ್ತಿರುವಾಗ ವಿವಾದಕ್ಕೆ ಸಂಬಂಧಪಟ್ಟ ಷರತ್ತುಗಳನ್ನು ಕೆಲಸಗಾರರಿಗೆ ನಷ್ಟ ಆಗೋ ಹಾಗೆ ಬದಲಿಸುವಂತಿಲ್ಲ. ಆ ವಿವಾದದ ಕಾರಣಕ್ಕೆ ಲಿಖಿತ ಅನುಮತಿ ಇಲ್ಲದೆ ಯಾರನ್ನೂ ವಜಾ ಮಾಡುವಂತಿಲ್ಲ. ಬೇರೆ ತಪ್ಪಿಗೆ ವಜಾ ಮಾಡಿದರೂ ಒಂದು ತಿಂಗಳ ಸಂಬಳ ಕೊಟ್ಟು ಒಪ್ಪಿಗೆ ಕೇಳಬೇಕು. ಒಪ್ಪಿಗೆ ಇಲ್ಲದ ವಜಾ ನಿಲ್ಲಲ್ಲ ಅಂತ 2002ರಲ್ಲಿ ಜೈಪುರದ ಸಹಕಾರಿ ಬ್ಯಾಂಕಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ಹಳೆಯ ಕಾಯ್ದೆಯ ಸೆಕ್ಷನ್ 33ರ ಮೇಲೆ, ಹೊಸ ಕೋಡ್‌ನ 90ರಲ್ಲಿ ಅದೇ ಮಾತಿದೆ.

ಹೊಸ ಕೋಡ್‌ನಲ್ಲಿ ನನಗೆ ಹಿಡಿಸಿದ ಒಂದು ಸಂಗತಿಯೂ ಇದೆ. ಹಿಂದೆ ಸಂಧಾನ ಮುರಿದರೆ ಇಂಥ ವಿವಾದವನ್ನು ಕೋರ್ಟಿಗೆ ಕಳಿಸಬೇಕೋ ಬೇಡವೋ ಅಂತ ಸರ್ಕಾರ ತೀರ್ಮಾನಿಸುತ್ತಿತ್ತು. ಕಡತ ಬೆಂಗಳೂರಲ್ಲಿ ಕೊಳೆಯುತ್ತಿತ್ತು. ಈಗ ಅಧಿಕಾರಿಯ ವರದಿ ಬಂದ 90 ದಿನದೊಳಗೆ ನೀವೇ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು.

ಎಸ್ಟೇಟ್ ರೈಟರ್:
ಕೊಪ್ಪದ ಕಡೆ ಕಾಫಿ ತೋಟದಲ್ಲಿ ರೈಟರ್ ಆಗಿದ್ದವನು ನಾನು. ನಿಮ್ಮ ಹಾಜರಿ ಪುಸ್ತಕ ಸರಿ ಇದೆಯಾ ಮಾರಾಯ್ರೆ? ಅದನ್ನು ನೋಡಿಕೊಳ್ಳಿ ಮೊದಲು. ನಾನೇ ಬರೆಯುತ್ತಿದ್ದವನು, ಅದಕ್ಕೆ ಹೇಳುತ್ತೇನೆ. ತೋಟದಲ್ಲಿ ಅರ್ಧ ಜನ ಚೆಕ್‌ರೋಲ್‌ನಲ್ಲೇ ಇರುತ್ತಿರಲಿಲ್ಲ. ಅಸ್ಸಾಂ, ಜಾರ್ಖಂಡ್‌ನಿಂದ ಬಂದವರ ಹೆಸರು ಮೇಸ್ತ್ರಿಯ ಚೀಟಿಯಲ್ಲಿ ಮಾತ್ರ. ಲೈನ್ ಮನೆಯಲ್ಲಿ ಇರೋರು, ಅಲ್ಲಿಗೆ ಹೊರಗಿನವರು ಬರಬೇಕಂದ್ರೆ ತೋಟದ ಗೇಟು ದಾಟಬೇಕು. ಯೂನಿಯನ್‌ನವರು ಸಂತೆ ದಿನ ಪೇಟೆಯಲ್ಲಿ ಅವರನ್ನು ಹಿಡಿಯುತ್ತಿದ್ದರು.

ನಿಮ್ಮಲ್ಲೂ ಕಾಂಟ್ರ್ಯಾಕ್ಟ್‌ನವರಿದ್ದಾರೆ ಅಂದಿರಿ. ಅವರನ್ನು ಬಿಟ್ಟು ನೀವು ಎಂಥ ಸಂಘ ಕಟ್ಟುತ್ತೀರಿ?

ಹಳೇ ಭದ್ರಾವತಿ:
ರೈಟರು ನೋವಿನ ಜಾಗ ಮುಟ್ಟಿದರು. ನಮ್ಮ ಊರಲ್ಲಿ ಪೇಪರ್ ಮಿಲ್ 2015ರಲ್ಲಿ ನಿಂತಿತು. ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ ಮುಚ್ಚುತ್ತೇವೆ ಅಂತ 2023ರ ಜನವರಿಯಲ್ಲಿ ಹೇಳಿದಾಗ ಬೀದಿಯಲ್ಲಿ ಕೂತವರು ಗುತ್ತಿಗೆ ನೌಕರರು. ಖಾಯಂ ಇದ್ದವರನ್ನು ಬೇರೆ ಸ್ಥಾವರಕ್ಕೆ ಕಳಿಸಬಹುದು, ಇವರಿಗೆ ಯಾವ ಸ್ಥಾವರ? ಉಕ್ಕಿನ ಸಂಬಳ ದಿಲ್ಲಿಯಲ್ಲಿ ಎನ್‌ಜೆಸಿಎಸ್‌ನಲ್ಲಿ, ಅಂದರೆ ಆಡಳಿತದವರೂ ಯೂನಿಯನ್‌ನವರೂ ಕೂರೋ ಉಕ್ಕಿನ ಜಂಟಿ ಸಮಿತಿಯಲ್ಲಿ, ಮಾತಾಡಿ ಮುಗಿಸುತ್ತಿದ್ದೆವು. 1969ರಿಂದ ನಡೆದುಬಂದ ಪದ್ಧತಿ ಅದು, ಚೌಕಾಸಿ ಅಂದರೆ ಹೇಗಿರಬೇಕು ಅಂತ ಅಲ್ಲೇ ಕಲಿತಿದ್ದು. ಆದರೆ ಪಕ್ಕದಲ್ಲೇ ಅದೇ ಬಿಸಿಯಲ್ಲಿ ಬೇಯುತ್ತಿದ್ದವನ ಸಂಬಳದ ಮಾತು ಬಂದಾಗ 'ಅದು ಕಾಂಟ್ರ್ಯಾಕ್ಟರ್ ವಿಷಯ' ಅಂದುಬಿಡುತ್ತಿದ್ದರು.

ಕರಿಕೋಟು:
ಕಾಂಟ್ರ್ಯಾಕ್ಟ್‌ನವರು ಖಾಯಂ ಆಗೋದು ಸುಲಭ ಇಲ್ಲ. 2001ರಲ್ಲಿ ಸ್ಟೀಲ್ ಅಥಾರಿಟಿ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಗುತ್ತಿಗೆ ನಿಷೇಧವಾದರೂ ತಂತಾನೇ ಖಾಯಂ ಆಗಲ್ಲ ಅಂದಿದೆ. ಕಾಂಟ್ರ್ಯಾಕ್ಟ್ ಬರೀ ನಾಟಕ ಅಂತ ತೋರಿಸಿದರೆ ಮಾತು ಬೇರೆ. ಆದರೆ ಸಂಘದ ಸದಸ್ಯರಾಗೋಕೆ ಅಡ್ಡಿ ಇಲ್ಲ. ಬೈಲಾದಲ್ಲಿ 'ಈ ಕಾರ್ಖಾನೆಯ ಆವರಣದಲ್ಲಿ ಕೆಲಸ ಮಾಡುವ ಎಲ್ಲರೂ' ಅಂತ ಬರೆಸಿ.

ಸಿಯಾಟಲ್ ಶಿವಮೊಗ್ಗ:
ಅಮೆರಿಕದಲ್ಲಿ ಬೇರೆ ಥರ. ಇಲ್ಲಿ 1935ರ ಕಾಯ್ದೆ. ನೂರಕ್ಕೆ 30 ಜನ ಕಾರ್ಡಿಗೆ ಸಹಿ ಹಾಕಿದರೆ ಸರ್ಕಾರದ ಮಂಡಳಿಯೇ ಬಂದು ಗುಟ್ಟಿನ ಮತದಾನ ನಡೆಸುತ್ತೆ. ಬಿದ್ದ ಮತದಲ್ಲಿ ಅರ್ಧಕ್ಕಿಂತ ಜಾಸ್ತಿ ಬಂದರೆ ಯೂನಿಯನ್ ಗೆದ್ದ ಹಾಗೆ. ಅಲ್ಲಿಂದ ಮಾಲೀಕ ಮಾತುಕತೆಗೆ ಕೂರಲೇಬೇಕು. ಕೂತು ವರ್ಷಗಟ್ಟಲೆ ಎಳೆದಾಡುತ್ತಾರೆ, ಅದು ಬೇರೆ ಕಥೆ. ನಮ್ಮಲ್ಲಿ ಈ ಮತದಾನ ಇದೆಯಾ?

ಕರಿಕೋಟು:
ನಮ್ಮಲ್ಲಿ ನೋಂದಣಿ ಬೇರೆ, ಮಾನ್ಯತೆ ಬೇರೆ. 1926ರ ಕಾಯ್ದೆ ನೋಂದಣಿ ಕೊಟ್ಟಿತು. ಆದರೆ ಮಾಲೀಕ ಆ ಸಂಘದ ಜೊತೆ ಕೂರಲೇಬೇಕು ಅಂತ ಹೇಳಲಿಲ್ಲ. ಸಂಘ ಕಟ್ಟೋದು ಮೂಲಭೂತ ಹಕ್ಕು, ಚೌಕಾಸಿಯಲ್ಲಿ ಗೆಲ್ಲೋದು ಆ ಹಕ್ಕಿನೊಳಗೆ ಬರಲ್ಲ ಅಂತ 1961ರಲ್ಲಿ ಬ್ಯಾಂಕ್ ನೌಕರರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು.

ಹೊಸ ಕೋಡ್ ಈ ಜಾಗ ತುಂಬಿಸಿದೆ. ಹಲವು ಯೂನಿಯನ್ ಇದ್ದರೆ, ಹಾಜರಿ ಪುಸ್ತಕದಲ್ಲಿರುವವರಲ್ಲಿ ನೂರಕ್ಕೆ 51 ಜನರ ಬೆಂಬಲ ಇದ್ದವರು ಮಾತುಕತೆಯ ಯೂನಿಯನ್. ಯಾರಿಗೂ ಅಷ್ಟಿಲ್ಲದಿದ್ದರೆ ನೂರಕ್ಕೆ 20 ಜನರ ಬೆಂಬಲಕ್ಕಿಂತ ಕಡಿಮೆ ಇಲ್ಲದ ಯೂನಿಯನ್‌ಗಳ ಪ್ರತಿನಿಧಿಗಳು ಸೇರಿ ಮಾತುಕತೆಯ ಕೌನ್ಸಿಲ್. ಒಂದೇ ಯೂನಿಯನ್ ಇದ್ದರೆ, ನಿಯಮದ ಷರತ್ತಿಗೆ ಒಳಪಟ್ಟು ಅದನ್ನೇ ಮಾನ್ಯ ಮಾಡಬೇಕು. ಅಮೆರಿಕದಲ್ಲಿ ಮತ ಹಾಕದವನು ಲೆಕ್ಕಕ್ಕಿಲ್ಲ. ನಮ್ಮಲ್ಲಿ 51 ಅನ್ನೋದು ಇಡೀ ಹಾಜರಿ ಪುಸ್ತಕದ ಮೇಲೆ. ನಿಮ್ಮ 180ಕ್ಕೆ 92 ಸಹಿ ಇದ್ದರೆ ಯಾರ ಹಂಗೂ ಇಲ್ಲ. ನಾಳೆ ಆಡಳಿತದವರು ಇನ್ನೊಂದು ಸಂಘ ಹುಟ್ಟಿಸಿದರೂ ನೀವೇ ಮಾತಾಡುವವರು.

ಎಚ್‌ಆರ್ ಮನುಷ್ಯ:
ಇದನ್ನು ನಾನೂ ಒಪ್ಪುತ್ತೇನೆ. ನಿಜ ಹೇಳಬೇಕು ಅಂದರೆ ಒಂದೇ ಯೂನಿಯನ್ ಇದ್ದರೆ ನಮಗೂ ಒಳ್ಳೇದು. ನಾಲ್ಕು ಬಾವುಟ, ನಾಲ್ಕು ಡಿಮ್ಯಾಂಡ್ ಪಟ್ಟಿ ಇಟ್ಟುಕೊಂಡು ಯಾರ ಜೊತೆ ಸಹಿ ಮಾಡೋದು? ಒಪ್ಪಂದ ಮಾಡಿದರೆ ಸಂಧಾನಾಧಿಕಾರಿ ಮುಂದೆ ಮಾಡಿ. ಹೊರಗೆ ಮಾಡಿಕೊಂಡದ್ದು ಸಹಿ ಹಾಕಿದವರಿಗೆ ಮಾತ್ರ. ಅಧಿಕಾರಿ ಮುಂದೆ ಆದದ್ದು ಎಲ್ಲರಿಗೂ, ನಾಳೆ ಸೇರುವವನಿಗೂ ಅನ್ವಯ. ರಾಜಕೀಯ ಪಕ್ಷದ ಜೊತೆ ಇರೋ ಫೆಡರೇಷನ್‌ಗೆ ಹೋಗಬೇಡಿ ಅಂತ ನನ್ನ ಕೋರಿಕೆ.

ಸಾಗರದವ:
ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದಿದ್ದು ಕೊಳಗದ ಅಳತೆ ವಿಷಯಕ್ಕೆ. ರಾಜಕೀಯದವರು ಬರಬಾರದು ಅಂತ ಕೂತಿದ್ದರೆ ಸಮಾಜವಾದಿ ನಾಯಕ ಲೋಹಿಯಾ ಅಲ್ಲಿಗೆ ಬರುತ್ತಿದ್ದರಾ, ಆ ಸುದ್ದಿ ದೇಶಕ್ಕೆ ಮುಟ್ಟುತ್ತಿತ್ತಾ? ಹೊರಗಿನವರು ಬೇಕು. ಆದರೆ ತಕ್ಕಡಿ ಒಳಗಿನವರ ಕೈಯಲ್ಲಿರಬೇಕು.

ಮೋಲ್ಡಿಂಗ್ ಶಾಪ್:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಲೇಬರ್ ಆಫೀಸಿಗೆ ಹೋಗಿ ಮನವಿ ಕೊಟ್ಟೆವು, ಸೀಲ್ ಹಾಕಿಸಿಕೊಂಡಿದ್ದೇವೆ. ಕೋರ್ ಶಾಪ್ ಅಣ್ಣ ರಜೆ ಅರ್ಜಿ ಕೊಟ್ಟಿದ್ದಾರೆ. ಕಂಪನಿ ಆಫೀಸಿನ ಟಪಾಲು ವಿಭಾಗದವರು ಮೊದಲು ತೆಗೆದುಕೊಳ್ಳಲಿಲ್ಲ, ಸ್ಪೀಡ್ ಪೋಸ್ಟ್ ಮಾಡಿ ಈಮೇಲೂ ಕಳಿಸಿದೆವು. ಫೆಟ್ಲಿಂಗ್‌ನ ಒಡಿಶಾ ಹುಡುಗರ ಜೊತೆ ಮಾತಾಡಿದೆವು. ಮೊದಲ ದಿನ ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಒಬ್ಬ ಬಂದು, 'ನಮ್ಮ ಪಿಎಫ್ ನಂಬರ್ ಹುಡುಕಿ ಕೊಡುತ್ತೀರಾ' ಅಂತ ಕೇಳಿದ. ಅದನ್ನೇ ಈಗ ಮಾಡುತ್ತಿದ್ದೇವೆ.

ಒಂದು ಕೇಳಬೇಕಿತ್ತು. ಹಳೇ ಭದ್ರಾವತಿ ಅಣ್ಣ, ನೀವು ಅಧ್ಯಕ್ಷರಾಗುತ್ತೀರಾ? ಕಾನೂನಿನಲ್ಲಿ ಅವಕಾಶ ಇದೆಯಾ?

ಕರಿಕೋಟು:
ಇದೆ. ಪದಾಧಿಕಾರಿಗಳಲ್ಲಿ ಮೂರನೇ ಒಂದು ಭಾಗ ಅಥವಾ ಐದು ಜನ, ಯಾವುದು ಕಡಿಮೆಯೋ ಅಷ್ಟು ಹೊರಗಿನವರು ಇರಬಹುದು. ಏಳು ಜನರ ಸಮಿತಿ ಮಾಡಿದರೆ ಇಬ್ಬರು. ಸಂಘದ ನೋಂದಣಿ ಆದ ಮೇಲೆ ರಕ್ಷಿತ ಕೆಲಸಗಾರರ (ವಿವಾದ ನಡೆಯುವಾಗ ಅನುಮತಿ ಇಲ್ಲದೆ ವಜಾ ಮಾಡಲಾಗದ ಪದಾಧಿಕಾರಿಗಳ) ಪಟ್ಟಿ ಕೊಡೋದನ್ನು ಮರೆಯಬೇಡಿ. ಕನಿಷ್ಠ ಐದು ಜನರಿಗೆ ಆ ರಕ್ಷಣೆ ಸಿಗುತ್ತೆ. ಕೋರ್ ಶಾಪ್‌ನವರ ಹೆಸರು ಮೊದಲು ಇರಲಿ.

ಹಳೇ ಭದ್ರಾವತಿ:
ಆಗುತ್ತೇನೆ, ಆದರೆ ಒಂದೇ ಅವಧಿಗೆ. ಕಾರ್ಯದರ್ಶಿ ಒಳಗಿನವರೇ ಆಗಬೇಕು, ಖಜಾಂಚಿ ಫೆಟ್ಲಿಂಗ್‌ನವರಾದರೆ ಇನ್ನೂ ಒಳ್ಳೇದು. ಮೊದಲ ಸರ್ವಸದಸ್ಯರ ಸಭೆ ಈ ಭಾನುವಾರ ಬೇಡ. ತೋಟದಲ್ಲಿ ಅಡಿಕೆ ಕೊನೆ ಕೊಯ್ಲು ಇದೆ, ಕೊನೆಗಾರ ಸಿಗೋದೇ ಕಷ್ಟ ಈಗ. ಅದರ ಮುಂದಿನ ಭಾನುವಾರ ಇಡಿ, ರಸೀದಿ ಪುಸ್ತಕ ನಾನು ಅಚ್ಚು ಹಾಕಿಸಿ ತರುತ್ತೇನೆ.